ಬೆಟ್ಟ ಎತ್ತೋದು ಸುಲಭ, ಗಿಡ ಗುರುತಿಸೋದು ಕಷ್ಟ

ಸಂಜೀವಿನಿ ತರಲು ಹೋದ ಹನುಮಂತನಿಗೆ ಎದುರಾಗಿದ್ದು ಶಕ್ತಿಯ ಸಮಸ್ಯೆ ಅಲ್ಲ, ಸಸ್ಯಶಾಸ್ತ್ರದ ಸಮಸ್ಯೆ. ಸಮುದ್ರ ಹಾರಿದವನಿಗೆ ಒಂದು ಗಿಡ ಯಾವುದು ಅಂತ ಗೊತ್ತಾಗಲಿಲ್ಲ. ಅದಕ್ಕೇ ಬೆಟ್ಟಾನೇ ಕಿತ್ತುಕೊಂಡು ಬಂದ. ಲಕ್ಷ್ಮಣ ಬದುಕಿದ್ದು ಬೆಟ್ಟ ಬಂತು ಅಂತಲ್ಲ. ಬಂದ ಬೆಟ್ಟದಲ್ಲಿ ಇದೇ ಆ ಗಿಡ ಅಂತ ಗುರುತಿಸೋಕೆ ಸುಷೇಣ ಅನ್ನೋ ಒಬ್ಬ ಬಲ್ಲವನಿದ್ದ, ಅದಕ್ಕೆ.

2021ರ ಏಪ್ರಿಲ್‌ನಲ್ಲಿ ತಿರುಪತಿಯವರು ಹನುಮ ಹುಟ್ಟಿದ್ದು ತಿರುಮಲೆಯ ಅಂಜನಾದ್ರಿಯಲ್ಲಿ ಅಂದರು. ನಾವು ಇಲ್ಲ, ನಮ್ಮ ಗಂಗಾವತಿ ಕಡೆಯ ಅಂಜನಾದ್ರಿಯಲ್ಲೇ ಅಂದೆವು. ಟಿವಿಗಳಲ್ಲಿ ವಾರಗಟ್ಟಲೆ ಚರ್ಚೆ. ಮರುವರ್ಷದ ರಾಜ್ಯ ಬಜೆಟ್‌ನಲ್ಲಿ ನಮ್ಮ ಅಂಜನಾದ್ರಿಗೆ 100 ಕೋಟಿ ರೂಪಾಯಿ ಘೋಷಣೆಯಾಯಿತು. ಆಗಲಿ, ಬೇಡ ಅನ್ನೋಕೆ ನಾನ್ಯಾರು? ಆದರೆ ಹನುಮ ಎಲ್ಲಿ ಹುಟ್ಟಿದ ಅಂತ ಇಷ್ಟು ಕಿತ್ತಾಡಿದ ನಾವು, ಸುಷೇಣ ಎಲ್ಲಿ ಹುಟ್ಟಬೇಕು, ಅವನಿಗೆ ಸಂಬಳ ಯಾರು ಕೊಡಬೇಕು ಅಂತ ಒಂದು ದಿನವಾದರೂ ಕೇಳಿದ್ದೀವಾ? ನನ್ನ ತಕರಾರು ಅಷ್ಟೇ.

ಅಂಜನಾದ್ರಿಯ ಆಸುಪಾಸಿನಲ್ಲೇ ಹನುಮನಹಳ್ಳಿ ಇದೆ. ಹೆಸರು ಗೊತ್ತಿಲ್ಲದಿದ್ದರೂ ನಿಮ್ಮಲ್ಲಿ ಅರ್ಧ ಜನ ಅದನ್ನು ದಾಟಿ ಹೋಗಿರುತ್ತೀರಿ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಸ್ಲೀಪರ್ ಬಸ್ಸು ಹತ್ತಿ, ಶನಿವಾರ ಬೆಳಿಗ್ಗೆ ಹೊಸಪೇಟೆಯಲ್ಲಿಳಿದು, ಬಾಡಿಗೆ ಸ್ಕೂಟರಿನಲ್ಲಿ ಆನೆಗೊಂದಿ, ಸಣಾಪುರ ಅಂತ ಸುತ್ತುತ್ತೀರಲ್ಲ, ಅದೇ ದಾರಿ. ಒಂದು ಕಡೆ ಭತ್ತದ ಹಸಿರು, ಇನ್ನೊಂದು ಕಡೆ ಒಂದರ ಮೇಲೊಂದು ಪೇರಿಸಿಟ್ಟ ಹಾಗಿರೋ ಬಂಡೆಗಳು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಬಂಡೆಗಳ ಸಂದಿಯ ಹಿಡಿ ಮಣ್ಣಲ್ಲಿ, ರಸ್ತೆ ಬದಿಯ ಕುರುಚಲಲ್ಲಿ ಏನೇನು ಅರಳುತ್ತೆ ಅಂತ ನೋಡಿದ್ದೀರಾ? ತುಂಬೆ, ವಿಷ್ಣುಕ್ರಾಂತಿ, ಅಣ್ಣೆ ಸೊಪ್ಪಿನ ಗುಲಾಬಿ-ಬಿಳಿ ತೆನೆ, ಹಳದಿ ತಂಗಡಿ, ನೆಲಕ್ಕಂಟಿದ ನೆಗ್ಗಿಲು. ಆಮೇಲೆ ನನಗೂ ನಿಮಗೂ ಹೆಸರು ಗೊತ್ತಿಲ್ಲದ ಹತ್ತಾರು. ಇವುಗಳಲ್ಲಿ ಹಲವು ಎರಡು ಮೂರು ತಿಂಗಳು ಇದ್ದು ಬೀಜ ಉದುರಿಸಿ ಒಣಗಿಹೋಗುತ್ತವೆ. ಬೇಸಿಗೆಯಲ್ಲಿ ಹೋದವರಿಗೆ ಅಲ್ಲಿ ಕಾಣೋದು ಬರೀ ಕಲ್ಲು.

ಸರ್ಕಾರಕ್ಕೆ ವರ್ಷಪೂರ್ತಿ ಬೇಸಿಗೆಯೇ. ಕೇಂದ್ರದ ಭೂಸಂಪನ್ಮೂಲ ಇಲಾಖೆ ಮತ್ತು ರಾಷ್ಟ್ರೀಯ ದೂರಸಂವೇದಿ ಕೇಂದ್ರ ಸೇರಿ ತರುವ 'ವೇಸ್ಟ್‌ಲ್ಯಾಂಡ್ಸ್ ಅಟ್ಲಾಸ್ ಆಫ್ ಇಂಡಿಯಾ' ಅನ್ನೋ ಪುಸ್ತಕ ಇದೆ. ಕುರುಚಲು ಇರುವ ನೆಲ, ಬರೀ ಬಂಡೆ ಇರುವ ನೆಲ, ಎರಡೂ ಅದರಲ್ಲಿ ಪಾಳುಭೂಮಿಯ ವರ್ಗಗಳು. 2019ರ ಆವೃತ್ತಿಯ ಪ್ರಕಾರ ದೇಶದ ಸುಮಾರು 17% ನೆಲ ವೇಸ್ಟ್. ಉಪಗ್ರಹಕ್ಕೆ ತುಂಬೆ ಹೂವು ಕಾಣಲ್ಲ, ಸರಿ. ಆದರೆ ಕಾಣದ್ದನ್ನೆಲ್ಲ ವೇಸ್ಟ್ ಅಂತ ಕರೆಯೋ ಅಧಿಕಾರ ಉಪಗ್ರಹಕ್ಕೆ ಕೊಟ್ಟವರ್ಯಾರು?

ಇದು ಬರೀ ಪದದ ಜಗಳ ಅಲ್ಲ. ವೇಸ್ಟ್ ಅಂತ ಒಂದು ಸಲ ಬರೆದುಬಿಟ್ಟರೆ ಆ ನೆಲವನ್ನು ಏನು ಬೇಕಾದರೂ ಮಾಡಬಹುದು. ಕುಷ್ಟಗಿ, ಯಲಬುರ್ಗಾ ಕಡೆ ಗಾಳಿ ಗಿರಣಿಗಳನ್ನು ನೋಡಿರುತ್ತೀರಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ಮತ್ತು ಸೌರ ವಿದ್ಯುತ್ ಯೋಜನೆಗಳು ಇಲ್ಲ. ಅಂದರೆ ಕಂಬ ನೆಡುವ ಮುಂಚೆ ಅಲ್ಲಿ ಏನು ಬೆಳೆಯುತ್ತೆ ಅಂತ ನೋಡೋ ಕಾನೂನಿನ ಕಟ್ಟುಪಾಡೇ ಇಲ್ಲ. ಇಳಕಲ್-ಕುಷ್ಟಗಿ ಸೀಮೆಯ ಗುಲಾಬಿ ಗ್ರಾನೈಟ್ ನಿಮ್ಮ ಅಪಾರ್ಟ್‌ಮೆಂಟಿನ ಲಾಬಿಯಲ್ಲೇ ಇರಬಹುದು. ನಾವೂ ಬೆಟ್ಟ ಎತ್ತುತ್ತಿದ್ದೇವೆ ಕಣ್ರೀ. ಹನುಮ ಗಿಡಕ್ಕೋಸ್ಕರ ಬೆಟ್ಟ ಎತ್ತಿದ. ನಾವು ಅದರ ಮೇಲೆ ಗಿಡವೇ ಇಲ್ಲ ಅಂದುಕೊಂಡು ಎತ್ತುತ್ತೇವೆ.

ಈಗ ನೀವು ಫೋನ್ ತೆಗೆಯುತ್ತೀರಿ. 'ಅಯ್ಯೋ, ಹೆಸರು ತಾನೇ? ಗೂಗಲ್ ಲೆನ್ಸ್ ಇದೆಯಲ್ಲ!' ಸ್ವಲ್ಪ ತಾಳಿ. ಆ ಲೆನ್ಸ್‌ಗೆ ಹೇಳಿಕೊಟ್ಟವರು ಯಾರು? ಯಾವನೋ ಒಬ್ಬ ಸಸ್ಯಶಾಸ್ತ್ರಜ್ಞ ಮಳೆಯಲ್ಲಿ ಮೊಣಕಾಲೂರಿ ಗಿಡ ಕಿತ್ತು, ಹಳೆ ಪೇಪರಿನ ನಡುವೆ ಒತ್ತಿಟ್ಟು, ದಿನಾ ಪೇಪರ್ ಬದಲಾಯಿಸಿ ಒಣಗಿಸಿ, ಹಾಳೆಗೆ ಹೊಲಿದು, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಹೂವಿನ ಬಣ್ಣ ಏನಿತ್ತು ಅಂತ ಚೀಟಿ ಬರೆದಿಟ್ಟ. ಆ ಹಾಳೆಗಳ ಬೀರು ಅಂದರೆ ಹರ್ಬೇರಿಯಂ. ನಿಮ್ಮ ಭಾಷೆಯಲ್ಲಿ ಹೇಳೋದಾದರೆ ಅದೇ ಮೂಲ ಡೇಟಾಬೇಸ್. ಲೆನ್ಸ್, ಆ್ಯಪ್ ಎಲ್ಲ ಅದರ ಮೇಲಿನ ಬಣ್ಣದ ಸ್ಕ್ರೀನ್ ಮಾತ್ರ. ಡೇಟಾಬೇಸ್‌ನಲ್ಲಿ ಇಲ್ಲದ್ದನ್ನು ಸ್ಕ್ರೀನ್ ತೋರಿಸಿದರೆ ಅದಕ್ಕೆ ಏನಂತಾರೆ ಅಂತ ನಿಮಗೇ ಗೊತ್ತು.

ತುಂಬೆಯನ್ನೇ ತಗೊಳ್ಳಿ. ನಮಗೆ ಎಲ್ಲಾ ತುಂಬೆಯೂ ತುಂಬೆ. ಸಸ್ಯಶಾಸ್ತ್ರಜ್ಞರಿಗೆ ಅದು ಲ್ಯೂಕಾಸ್ ಅನ್ನೋ ಕುಲ, ಅದರಲ್ಲಿ ಹಲವು ಜಾತಿ. ಬೇರೆ ಬೇರೆ ಅಂತ ತಿಳಿಯೋದು ಬಿಳಿ ದಳದಿಂದಲ್ಲ. ದಳ ಉದುರಿದ ಮೇಲೆ ಉಳಿಯೋ ಪುಟ್ಟ ಹಸಿರು ಬಟ್ಟಲಿನಿಂದ. ಬಟ್ಟಲಿನ ಬಾಯಿ ನೆಟ್ಟಗಿದೆಯಾ, ಓರೆಯಾಗಿದೆಯಾ? ಅಂಚಿನ ಹಲ್ಲುಗಳು ಎಷ್ಟು, ಹೇಗಿವೆ? ಇದ್ದರೆ ಈ ದಾರಿ, ಇಲ್ಲದಿದ್ದರೆ ಆ ದಾರಿ. ಒಂದೊಂದೇ ಕವಲು ದಾಟಿ ಹೆಸರಿಗೆ ತಲುಪಬೇಕು. ನೀವು ದಿನಾ ಬರೆಯೋ ಇಫ್-ಎಲ್ಸ್ ಅನ್ನು ಇವರು ಹೂವಿನ ಮೇಲೆ, ಲೆನ್ಸ್ ಹಿಡಿದು ಬರೆದವರು. ನೀವು ಮೇಲಿನಿಂದ ತೆಗೆದ ಚಂದದ ಫೋಟೋದಲ್ಲಿ ಆ ಬಟ್ಟಲೇ ಕಾಣಲ್ಲ.

'ಯಾವ ತುಂಬೆಯಾದರೇನು?' ಅಂತೀರಾ? ಹಾಗಾದರೆ ಪರೀಕ್ಷೆ ಬಂದಾಗ ಮಕ್ಕಳಿಗೆ ಜ್ಞಾಪಕಶಕ್ತಿಗೆ ಅಂತ ಕುಡಿಸೋ ಶಂಖಪುಷ್ಪಿ ಯಾವುದು ಹೇಳಿ ನೋಡೋಣ. ನಮ್ಮ ವಿಷ್ಣುಕ್ರಾಂತಿಯೇ ಶಂಖಪುಷ್ಪಿ ಅನ್ನೋರಿದ್ದಾರೆ. ಅದರದೇ ಕುಟುಂಬದ ಇನ್ನೊಂದು ಗಿಡ, ಕಾನ್ವಾಲ್ವುಲಸ್ ಅನ್ನೋರಿದ್ದಾರೆ. ಬೇಲಿ ಮೇಲೆ ಹಬ್ಬೋ ಶಂಖದ ಹೂವಿನ ಬಳ್ಳಿ ಅನ್ನೋರೂ ಇದ್ದಾರೆ. ಹೆಸರು ಒಂದು, ಗಿಡ ಮೂರು. ಲೇಬಲ್ಲಿನ ಮೇಲೆ ಬರೆದದ್ದೂ ಬಾಟಲಿಯೊಳಗಿರೋದೂ ಒಂದೇನಾ ಅಂತ ಹೇಳಬೇಕಾದವರು ಗಿಡ ಗುರುತಿಸೋರೇ.

ಈ ಕೆಲಸ ನಮ್ಮಲ್ಲಿ ಯಾವ ಗತಿಗೆ ಬಂದಿದೆ ನೋಡಿ. ಬ್ರಿಟಿಷರ ಕಾಲದಲ್ಲಿ ತುಂಗಭದ್ರೆಯ ಆ ದಡದ ಹಂಪಿ ಮದ್ರಾಸ್ ಪ್ರಾಂತ್ಯ. ಈ ದಡದ ಆನೆಗೊಂದಿ, ಹನುಮನಹಳ್ಳಿ ನಿಜಾಮರ ಸೀಮೆ. ಗ್ಯಾಂಬಲ್ 1915ರಲ್ಲಿ ಶುರುಮಾಡಿ, ಅವರ ನಂತರ ಫಿಶರ್ 1936ರಲ್ಲಿ ಮುಗಿಸಿದ ಮಹಾಗ್ರಂಥದ ವ್ಯಾಪ್ತಿ ಮದ್ರಾಸ್ ಪ್ರಾಂತ್ಯ. ಅದಕ್ಕೂ ಮುಂಚೆ, 1901ರಿಂದ 1908ರವರೆಗೆ ಬಂದ ಕುಕ್ ಅವರ ಗ್ರಂಥದ್ದು ಮುಂಬೈ ಪ್ರಾಂತ್ಯ. ನಮ್ಮ ಹನುಮನಹಳ್ಳಿ ಎರಡರ ನಡುವೆ ಬಿಟ್ಟುಹೋದ ಜಾಗ. ಹೊಳೆ ದಾಟಿ ಬೀಜ ಬರುತ್ತೆ, ಪುಸ್ತಕ ಬರಲಿಲ್ಲ. ಸ್ವಾತಂತ್ರ್ಯ ಬಂದು, ಏಕೀಕರಣ ಆಗಿ, 1988ರಲ್ಲಿ ಎನ್.ಪಿ. ಸಿಂಗ್ ಅವರ 'ಫ್ಲೋರಾ ಆಫ್ ಈಸ್ಟರ್ನ್ ಕರ್ನಾಟಕ' ಬಂತು. ಆಗಿನ್ನೂ ಕೊಪ್ಪಳ ಜಿಲ್ಲೆಯೇ ಆಗಿರಲಿಲ್ಲ, ರಾಯಚೂರಿನ ಭಾಗ. ಅಲ್ಲಿಂದೀಚೆಗೆ ಜಿಲ್ಲೆ ಹುಟ್ಟಿತು, ರಿಸಾರ್ಟ್ ಎದ್ದವು.

ಇಡೀ ರಾಜ್ಯಕ್ಕೆ ಒಂದು ಪಟ್ಟಿ ಮಾಡಲು ಹೊರಟವರು ಫಾದರ್ ಸೆಸಿಲ್ ಸಲ್ಡಾನಾ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಜೆಸ್ಯೂಟ್ ಪಾದ್ರಿ. 1976ರಲ್ಲಿ ಡ್ಯಾನ್ ನಿಕಲ್ಸನ್ ಜೊತೆ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥ ತಂದರು. ಆಮೇಲೆ 'ಫ್ಲೋರಾ ಆಫ್ ಕರ್ನಾಟಕ': ಮೊದಲ ಸಂಪುಟ 1984, ಎರಡನೆಯದು 1996. ಆ ಎರಡನೇ ಸಂಪುಟ ಕೊತ್ತಂಬರಿಯ ಕುಟುಂಬಕ್ಕೆ ಬಂದು ನಿಂತಿತು. ಸಲ್ಡಾನಾ 2002ರಲ್ಲಿ ತೀರಿಕೊಂಡರು. ಕೊತ್ತಂಬರಿಯ ಮುಂದೆ ಏನೇನು ಬರಬೇಕಿತ್ತು ಗೊತ್ತಾ? ತುಂಬೆಯ ಕುಟುಂಬ, ವಿಷ್ಣುಕ್ರಾಂತಿಯ ಕುಟುಂಬ, ಎಕ್ಕದ ಕುಟುಂಬ, ಸೇವಂತಿಯ ಕುಟುಂಬ, ಹುಲ್ಲುಗಳೆಲ್ಲ, ಆರ್ಕಿಡ್‌ಗಳೆಲ್ಲ. ಹನುಮನಹಳ್ಳಿಯ ಬಂಡೆ ಸಂದಿಯಲ್ಲಿ ಅರಳೋ ಹೂಗಳಲ್ಲಿ ಎಷ್ಟೋ ಆ ಬರದೇ ಉಳಿದ ಸಂಪುಟಗಳಲ್ಲೇ ಇವೆ.

ಒಂದು ತಮಾಷೆ ಕೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂಗೆ ಅಂತರರಾಷ್ಟ್ರೀಯ ಸಂಕೇತ ಅಂತ ಮೂರಕ್ಷರ ಇದೆ: ಜೆಸಿಬಿ. ನಮ್ಮ ನಾಡಿನ ಗಿಡಗಳನ್ನು ಕಾಪಿಡೋ ಆ ಜೆಸಿಬಿಯನ್ನು ನೋಡಲು ನಮ್ಮಲ್ಲಿ ಯಾರೂ ಹೋಗಲ್ಲ. ಗುಡ್ಡ ಅಗೆಯೋ ಹಳದಿ ಜೆಸಿಬಿ ನೋಡೋಕೆ ಮಾತ್ರ ಊರೆಲ್ಲ ನಿಲ್ಲುತ್ತೆ.

ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಪುಣೆಯಲ್ಲಿದೆ, ಕೊಯಮತ್ತೂರಿನಲ್ಲಿದೆ, ಹೈದರಾಬಾದಿನಲ್ಲಿದೆ. ಕರ್ನಾಟಕದಲ್ಲಿ ಇಲ್ಲ. ಪಶ್ಚಿಮಘಟ್ಟದ ದೊಡ್ಡ ಪಾಲು ಇಟ್ಟುಕೊಂಡ ರಾಜ್ಯದಲ್ಲಿ ಇಲ್ಲ. ಈಚೆಗೆ ಹುಟ್ಟಿದ ಕೊಪ್ಪಳ ವಿಶ್ವವಿದ್ಯಾಲಯದ ಕತೆಯೂ ಅಷ್ಟೇ. 2025ರಲ್ಲಿ ಸಂಪುಟ ಉಪಸಮಿತಿ ಮುಚ್ಚಬಹುದು ಅಂತ ಹೆಸರಿಸಿದ ಒಂಬತ್ತು ಹೊಸ ವಿ.ವಿ.ಗಳಲ್ಲಿ ಅದೂ ಒಂದು. ಇನ್ನು ಗಿಡ ವರ್ಗೀಕರಣ ಮಾಡ್ತೀನಿ ಅನ್ನೋ ಹುಡುಗ, ಹುಡುಗಿಯರಿಗೆ ಸಿಗೋದೇನು? ಹತ್ತು ವರ್ಷ ಬೆಟ್ಟ ಸುತ್ತಿ ಬರೆದ ಒಂದು ಜಿಲ್ಲೆಯ ಸಸ್ಯಪಟ್ಟಿಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕದಲ್ಲಿ ಬೆಲೆ ಇಲ್ಲ. ಎ.ಸಿ. ಲ್ಯಾಬಿನಲ್ಲಿ ಕೂತು ಮಾಡಿದ ಕೆಲಸಕ್ಕೆ ಇದೆ.

ಕಾನೂನು ಇಲ್ಲ ಅಂತಲ್ಲ. 2002ರ ಜೀವವೈವಿಧ್ಯ ಕಾಯ್ದೆ ಇದೆ. ಪ್ರತಿ ಪಂಚಾಯಿತಿಯೂ ತನ್ನ ಜೀವವೈವಿಧ್ಯದ ದಾಖಲೆ ಬರೆಯಬೇಕು. ಮಾಡದೇ ಕೂತಾಗ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟಿತು, ತಪ್ಪಿದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ಕಟ್ಟಬೇಕು ಅಂದಿತು. ಸರಿ. ಆದರೆ ದೇಶದ ಎರಡೂವರೆ ಲಕ್ಷಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಲ್ಲಿ ಗಿಡ ಗುರುತಿಸೋರು ಎಲ್ಲಿಂದ ಬರಬೇಕು? ಗಡುವು ಕೊಟ್ಟರೆ ಫಾರಂ ತುಂಬುತ್ತೆ. ಫಾರಂ ತುಂಬಿದ ಮಾತ್ರಕ್ಕೆ ಹೂವು ಎಣಿಸಿದ ಹಾಗೆ ಆಗಲ್ಲ.

'ಬಡ ಜಿಲ್ಲೆ ರೀ, ಅಲ್ಲಿ ಜನಕ್ಕೆ ಕೆಲಸ ಬೇಕು, ಹೂವಿನ ಹೆಸರು ತಗೊಂಡು ಏನು ಮಾಡ್ತಾರೆ?' ಈ ಪ್ರಶ್ನೆಯನ್ನು ಗೌರವದಿಂದಲೇ ತಗೋತೀನಿ. ಆ ಕುರುಚಲಲ್ಲಿ ಕುರಿ ಮೇಯುತ್ತೆ. ವೇಸ್ಟ್ ಅಂತ ಬೇಲಿ ಹಾಕಿದ ದಿನ ಮೊದಲು ಕೆಲಸ ಕಳಕೊಳ್ಳೋನು ಕುರಿಗಾಹಿ. ಇನ್ನು ತೊಗರಿ. ಕಲಬುರಗಿ ಸೀಮೆಯ ಹೊಟ್ಟೆಪಾಡು ಅದು. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಜೊತೆ ಸೇರಿ ನಮ್ಮ ವಿಜ್ಞಾನಿಗಳು ತೊಗರಿಯ ಹೈಬ್ರಿಡ್ ತಳಿ ತಂದದ್ದು ಅದರ ಕಾಡು ನೆಂಟರನ್ನು ಕೂಡಿಸಿಯೇ. ಯಾರೂ ಕಣ್ಣೆತ್ತಿ ನೋಡದ ಕಾಡು ಗಿಡಗಳು ಅವು. ಯಾರೋ ಒಬ್ಬರು ಇದು ತೊಗರಿಯ ನೆಂಟ ಅಂತ ಮೊದಲು ಗುರುತಿಸಿದ್ದಕ್ಕೇ ಅದು ಸಾಧ್ಯವಾಯಿತು.

'ಲ್ಯಾಟಿನ್ ಹೆಸರು ನಮಗ್ಯಾಕೆ, ನಮ್ಮ ಹೆಸರಿಲ್ಲವೇ?' ಅನ್ನೋರಿಗೂ ಒಂದು ಮಾತು. ನಮ್ಮ ಹೆಸರು ಬೇಕೇಬೇಕು. ಕುರಿಗಾಹಿ ಹೇಳಿದ ಹೆಸರೂ ಆ ಚೀಟಿಯಲ್ಲಿ ಇರಬೇಕು. ಆದರೆ ಬರೀ ಅದನ್ನೇ ನಂಬಿದರೆ ಏನಾಗುತ್ತೆ ಅನ್ನೋದಕ್ಕೆ ಬಳ್ಳಾರಿ ಜಾಲಿ ಸಾಕು. ಹೆಸರಲ್ಲಿ ಬಳ್ಳಾರಿ ಇದೆ, ಹುಟ್ಟೂರು ಅಮೆರಿಕ ಖಂಡ. ನಮ್ಮ ಊರಿನ ಹೆಸರು ಇಟ್ಟುಕೊಂಡೇ ನಮ್ಮ ಗೋಮಾಳ ನುಂಗಿತು.

ಕೊನೆಗೆ ನಿಮ್ಮ ಕಂಪನಿಯ ಸಸಿ ನೆಡುವ ಶನಿವಾರ. 2013ರ ಕಂಪನಿ ಕಾಯ್ದೆಯ 2% ದುಡ್ಡು. ಒಂದೇ ಬಣ್ಣದ ಟೀಶರ್ಟ್, ಬಸ್ಸು, ಗುಂಡಿ, ಸೆಲ್ಫಿ. ಎಲ್ಲಿ ನೆಡುತ್ತೀರಿ? 'ಖಾಲಿ' ಜಾಗದಲ್ಲಿ. ಬಿಸಿಲು ಬೇಕಾದ ನೂರು ಪುಟ್ಟ ಗಿಡಗಳ ಮೇಲೆ ನೆರಳು ಹಾಕಿ, ಅದಕ್ಕೆ ಹಸಿರೀಕರಣ ಅಂತ ಹೆಸರಿಡುತ್ತೀರಿ. ಕೊಪ್ಪಳ ಜಿಲ್ಲೆಯಲ್ಲೇ ಬಂಕಾಪುರದ 332 ಎಕರೆ ಕುರುಚಲು ತೋಳಧಾಮವಾಗಿ ಉಳಿಯಿತು. ಯಾಕೆ? ಅಲ್ಲಿ ತೋಳ ಇದೆ ಅಂತ ನೋಡಿ, ಎಣಿಸಿ, ಹೇಳಿದವರಿದ್ದರು. ಹೂವಿಗೆ ಹಾಗೆ ಹೇಳೋರು ಬೇಡವೇ?

ಬಿ.ಜಿ.ಎಲ್. ಸ್ವಾಮಿ ಗಿಡ ಗುರುತಿಸೋದನ್ನೇ ಕತೆ ಮಾಡಿ 'ಹಸುರು ಹೊನ್ನು' ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರದ ಪುಸ್ತಕವನ್ನು ಕಾದಂಬರಿ ಥರ ಓದಿದ ಭಾಷೆ ನಮ್ಮದು. ಓದಿ ನಕ್ಕೆವು, ಕಪಾಟಿನಲ್ಲಿಟ್ಟೆವು.

ನಾನು ಕೇಳೋದು ದೊಡ್ಡದೇನಲ್ಲ. ಮುಂದಿನ ಸಲ ನಿಮ್ಮ ಆಫೀಸಿನ ಸಿಎಸ್‌ಆರ್ ಮೀಟಿಂಗಿನಲ್ಲಿ ಹತ್ತು ಸಾವಿರ ಸಸಿ ಅಂತ ಸ್ಲೈಡ್ ಬಂದಾಗ ಕೈಯೆತ್ತಿ. ಆ ದುಡ್ಡಲ್ಲಿ ಒಬ್ಬ ಹುಡುಗಿಗೆ ಮೂರು ವರ್ಷ ಸಂಬಳ ಕೊಟ್ಟು, ಮೂರು ಮಳೆಗಾಲ ಆ ಬಂಡೆಗಳ ನಡುವೆ ಓಡಾಡಿಸಿ, ಒಂದು ಬೀರು, ಒಂದು ಮೈಕ್ರೋಸ್ಕೋಪ್ ಕೊಡಿಸಿ ಅಂತ ಹೇಳಿ. ಫೋಟೋಗೆ ಚಂದ ಕಾಣಲ್ಲ, ನಿಜ. ರಾಜ್ಯ ಸರ್ಕಾರಕ್ಕೂ ಅದೇ ಮಾತು: ಸಲ್ಡಾನಾ ನಿಲ್ಲಿಸಿದ ಕೊತ್ತಂಬರಿಯಿಂದ ಮುಂದಕ್ಕೆ ಬರೆಸಿ. 100 ಕೋಟಿಯಲ್ಲಿ ಮೆಟ್ಟಿಲು, ಪಾರ್ಕಿಂಗ್, ಯಾತ್ರಿನಿವಾಸ ಎಲ್ಲ ಆಗಲಿ, ಅದರ ಒಂದು ಚೂರಿನಲ್ಲಿ ಆ ಬೆಟ್ಟದ ಮೇಲೆ ಏನು ಬೆಳೆಯುತ್ತೆ ಅನ್ನೋ ಪಟ್ಟಿಯೂ ಆಗಲಿ.

ಬೆಟ್ಟ ಎತ್ತೋರಿಗೆ ನಮ್ಮಲ್ಲಿ ಯಾವತ್ತೂ ಕೊರತೆ ಇರಲಿಲ್ಲ. ಸುಷೇಣನ ಹುದ್ದೆ ಮಾತ್ರ ಖಾಲಿ ಇದೆ.