ಮನೆಗೆ ತಕ್ಕ ನಾಯಿ

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಿಂದ ನಮ್ಮ ವಾಚಕರೊಬ್ಬರು ಬರೆದಿರುವ ಪತ್ರವು ಈ ತಿಂಗಳು ನಮ್ಮನ್ನು ಬಹಳವಾಗಿ ಯೋಚನೆಗೀಡುಮಾಡಿತು. ಅವರ ಮನೆಯಲ್ಲಿ ವೃದ್ಧರಾದ ತಾಯಿಯವರೂ ಆರು ವರ್ಷದ ಮಗಳೂ ಇದ್ದಾರೆ. ಹಿತ್ತಿಲಲ್ಲಿ ನಾಲ್ಕು ಕುರಿಗಳೂ ಕೆಲವು ಕೋಳಿಗಳೂ ಇವೆ. ಕಳೆದ ಬೇಸಗೆಯಲ್ಲಿ ಅವರು ದಿಕ್ಕಿಲ್ಲದ ಪ್ರಾಣಿಗಳನ್ನು ಸಲಹುವ ಒಂದು ಆಶ್ರಯಸ್ಥಾನಕ್ಕೆ ಹೋಗಿ, ಎಲ್ಲಕ್ಕಿಂತಲೂ ಚೆಲುವಾಗಿ ಕಂಡ, ಕಂಬಿಯ ಹಿಂದೆ ಹಾರಿ ಕುಣಿಯುತ್ತಿದ್ದ ನಾಯಿಯೊಂದನ್ನು ಆರಿಸಿ ತಂದರಂತೆ. ಮೂರನೆಯ ದಿನ ಅದು ಕೋಳಿಯನ್ನು ಹಿಡಿಯಿತು. ಎಂಟನೆಯ ದಿನ ಅಜ್ಜಿಯವರ ಮೇಲೆ ಹಾರಿ ಅವರನ್ನು ಕೆಡವಿತು. ಹನ್ನೆರಡನೆಯ ದಿನ ಅದನ್ನು ಹಿಂದಕ್ಕೆ ಬಿಟ್ಟುಬಂದರು. ಅಂದಿನಿಂದ ಮಗಳು ನಾಯಿಯ ಮಾತನ್ನೇ ಎತ್ತುವುದಿಲ್ಲವಂತೆ. ಮತ್ತೊಂದನ್ನು ತರಲು ಧೈರ್ಯವಿಲ್ಲ, ತರದಿರಲು ಮನಸ್ಸಿಲ್ಲ. ಏನು ಮಾಡೋಣವೆಂದು ಕೇಳಿದ್ದಾರೆ.

ತಪ್ಪು ನಾಯಿಯದಲ್ಲ. ಚೆಲುವಿಗೂ ಚುರುಕಿಗೂ ಮನಸೋತು ಆರಿಸಿದರೇ ಹೊರತು, ತಮ್ಮ ಮನೆಯನ್ನು ನೆನೆದು ಆರಿಸಲಿಲ್ಲ. ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಜಾಣರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ವಾಚಕರು ಕೇಳಿರಬಹುದು; ಕ್ರಿ.ಶ. ೯೪೯-೫೦ರ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೆರನಿಗೆ ಗಂಗರ ದೊರೆ ಬೂತುಗನು ಬೇಕಾದುದನ್ನು ಬೇಡೆಂದಾಗ, ಆ ವೀರನು ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಅದು ಕಾಡುಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಮಡಿಯಲು, ಅದಕ್ಕೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿಯನ್ನೂ ಬಿಟ್ಟರು. ಬೇಟೆಗಾರನಾದ ಮಣಲೆರನು ಬೇಟೆಯ ನಾಯಿಯನ್ನೇ ಬೇಡಿದನು. ಕುರಿ ಕೋಳಿಗಳುಳ್ಳ ಹಿತ್ತಿಲಿಗೆ ಕಾಳಿಯು ಬಂದಿದ್ದರೆ ಫಲವೇನಾಗುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ. ೨೦೦೫ರಲ್ಲಿ ಅಂಚೆಚೀಟಿಯ ಮೇಲೂ ಮೂಡಿದ ನಮ್ಮ ಮುಧೋಳದ ನಾಯಿಯೂ ಹಾಗೆಯೇ: ಓಡುವ ಪ್ರಾಣಿಯನ್ನು ಕಂಡರೆ ಬೆನ್ನಟ್ಟುವುದು ಅದರ ಹುಟ್ಟುಗುಣ.

ಹಾಗಾದರೆ ಆಶ್ರಯಸ್ಥಾನದಲ್ಲಿ ಆರಿಸುವುದು ಹೇಗೆ? ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆಯು ೧೯೯೧ರಲ್ಲಿ ಆರಂಭಿಸಿದ ಕೂಪಾ ಮೊದಲಾಗಿ ಇಂತಹ ಸಂಸ್ಥೆಗಳು ಹಲವಿವೆ. ಎಲ್ಲಿಗೆ ಹೋದರೂ, ಕಂಬಿಯ ಹಿಂದೆ ಕಂಡದ್ದನ್ನು ನಾಯಿಯ ನಿಜಸ್ವಭಾವವೆಂದು ನಂಬಬೇಡಿರಿ. ನೂರು ನಾಯಿಗಳ ಗದ್ದಲದಲ್ಲಿ ಸಾಧುವಾದುದೂ ಬೊಗಳುವುದು. ಮಮತೆಯುಳ್ಳುದು ಹೆದರಿ ಮೂಲೆ ಸೇರಿರುವುದೂ ಉಂಟು. ಬೇರೆ ಅಂಗಳಕ್ಕೆ ಕರೆತರುವಂತೆ ಕೇಳಿಕೊಂಡು, ನೀವಾಗಿ ಮೇಲೆ ಬೀಳದೆ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು, ಅದು ತಾನಾಗಿ ಬರುವವರೆಗೂ ಕಾಯಿರಿ. ಬಾಲವಾಡಿಸಿದ ಮಾತ್ರಕ್ಕೆ ಸ್ನೇಹವೆಂದಲ್ಲ. ಮೈಯೆಲ್ಲ ಸಡಿಲವಾಗಿದೆಯೇ ಎಂಬುದನ್ನು ನೋಡಬೇಕು. ಹಸಿವಾಗಲಿ ನಿದ್ರೆಯಾಗಲಿ ಇಲ್ಲದೆ ಮತ್ತೆ ಮತ್ತೆ ತುಟಿ ನೆಕ್ಕಿ ಆಕಳಿಸಿದರೆ ಅದು ಅಂಜಿದೆಯೆಂದು ತಿಳಿಯಿರಿ. ಅಂಜಿಕೆಯೊಂದೇ ದೋಷವಲ್ಲ, ಅರ್ಧ ಗಂಟೆಯಲ್ಲಿ ಅದು ಕರಗುವುದೇ ಎಂಬುದು ಮುಖ್ಯ. ಅನ್ನ ಹಾಕುವ ಆಳಿನಷ್ಟು ಅದರ ಗುಣವನ್ನು ಬಲ್ಲವರು ಬೇರೆ ಯಾರೂ ಇಲ್ಲ. ತಟ್ಟೆಯ ಬಳಿ ಗುರುಗುಟ್ಟುವುದೇ, ಮಕ್ಕಳನ್ನು ಕಂಡಿದೆಯೇ, ಕೋಳಿಯನ್ನು ಕಂಡರೆ ಏನು ಮಾಡುವುದು—ಇವನ್ನು ಆತನಲ್ಲಿ ಕೇಳಿರಿ. ತಟ್ಟೆಗೆ ಕೈಹಾಕಿ ನೀವೇ ಪರೀಕ್ಷಿಸುವ ಸಾಹಸ ಬೇಡ. ಒಂದೇ ದಿನದಲ್ಲಿ ನಿರ್ಧರಿಸದೆ ಇನ್ನೊಮ್ಮೆ ಹೋಗಿ ನೋಡುವುದು ಲೇಸು. ಯಲ್ಲದಕೆರೆಯಿಂದ ಬೆಂಗಳೂರಿಗೆ ಎರಡು ಸಲ ಹೋಗಿಬರುವುದು ಸುಲಭವಲ್ಲವೆಂಬುದು ನಮಗೂ ಗೊತ್ತು. ಆದರೆ ಹಿಂದಿರುಗಿಸಲು ಹೋದದ್ದೂ ಅದೇ ದಾರಿಯಲ್ಲವೇ!

ಮರಿಯಾದರೆ ಮಾತ್ರ ಮನೆಗೆ ಒಗ್ಗುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಾವು ಅದನ್ನು ಒಪ್ಪುವುದಿಲ್ಲ. ಮರಿಯು ಮುಂದೆ ಏನಾಗುವುದೆಂದು ಬಲ್ಲವರಾರು? ನಾಲ್ಕೈದು ವರ್ಷದ ನಾಯಿಯ ಗುಣವಾದರೋ ಕಣ್ಣಮುಂದೆಯೇ ಇರುವುದು. ವೃದ್ಧರಿರುವ ಮನೆಗೆ ಮೈಗಾತ್ರ ಸಾಧಾರಣವಾದ, ಕುಣಿದಾಟ ಮುಗಿದ ನಮ್ಮ ನಾಡುನಾಯಿಯೇ ಉತ್ತಮ. ಬಯಲುಸೀಮೆಯ ಬಿಸಿಲನ್ನೂ ಅದು ತಾಳುವುದು. ಬೆಂಗಳೂರೇ ಬೇಕೆಂದೂ ಇಲ್ಲ. ಹತ್ತಿರದ ಹಟ್ಟಿಯಲ್ಲಿ ಕುರಿಗಳ ನಡುವೆಯೇ ಬೆಳೆದುದು ಸಿಕ್ಕಿದರೆ, ಅಥವಾ ನಿಮ್ಮ ಬೀದಿಯಲ್ಲೇ ಹಿತ್ತಿಲ ಕೋಳಿಗಳ ತಂಟೆಗೆ ಹೋಗದ ಸಾಧುನಾಯಿಯಿದ್ದರೆ, ಅರ್ಧ ಪರೀಕ್ಷೆ ಆಗಿಹೋದಂತೆಯೇ. ಬೀದಿನಾಯಿಯ ಕಿವಿಯ ತುದಿಯನ್ನು ಕತ್ತರಿಸಿದ ಗುರುತಿದ್ದರೆ ಸಂತಾನಹರಣ ಚಿಕಿತ್ಸೆಯಾಗಿದೆಯೆಂದು ಸಾಮಾನ್ಯವಾಗಿ ತಿಳಿಯಬಹುದು.

ಯಾವುದನ್ನು ತಂದರೂ ಮೊದಲು ಪಶುವೈದ್ಯರಿಗೆ ತೋರಿಸಿ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿರಿ. ಮರಿಗಾದರೆ ಮೂರು ತಿಂಗಳು ತುಂಬಿದಾಗ, ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ. ಯಾವ ನಾಯಿ ಕಚ್ಚಿದರೂ ಅರಿಸಿನ, ಸುಣ್ಣ, ಮೆಣಸಿನಪುಡಿಗಳನ್ನು ಮೆತ್ತದೆ, ಹರಿಯುವ ನೀರಿನಲ್ಲಿ ಸಾಬೂನಿನಿಂದ ೧೫ ನಿಮಿಷ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು.

ಹೊಸ ನಾಯಿಯನ್ನು ಹನ್ನೆರಡು ದಿನಗಳಲ್ಲಿ ಅಳೆಯಬಾರದು. ಮೊದಲ ಕೆಲವು ದಿನ ಅದು ಉಣ್ಣದೆ ಮಂಚದ ಕೆಳಗೆ ಅಡಗಬಹುದು. ಮನೆಯ ರೀತಿಯನ್ನು ತಿಳಿಯಲು ವಾರಗಳೇ ಬೇಕು. ಇದು ತನ್ನ ಮನೆಯೆಂದು ನೆಮ್ಮಲು ಎಷ್ಟೋ ಸಲ ಮೂರು ತಿಂಗಳು ಹಿಡಿಯುವುದು. ಅದುವರೆಗೆ ಕೋಳಿಗಳನ್ನು ಬಲೆಯೊಳಗಿಡಿರಿ. ಅಜ್ಜಿಯವರು ನಡೆದಾಡುವಾಗ ನಾಯಿಗೆ ಹಗ್ಗವಿರಲಿ. ಮಗುವನ್ನೂ ನಾಯಿಯನ್ನೂ ಇಬ್ಬರನ್ನೇ ಬಿಟ್ಟು ಹೋಗಬೇಡಿರಿ.

ಮಗಳ ವಿಷಯವೊಂದು ಉಳಿಯಿತು. ಮೊದಲನೆಯ ಸಲ ಅವಳನ್ನು ಕರೆದೊಯ್ಯಬೇಡಿರಿ. ಕಂಡದ್ದೆಲ್ಲ ಬೇಕೆನ್ನುವಳು, ಇಲ್ಲವೆನ್ನುವುದು ನಿಮಗೆ ಕಷ್ಟ. ಎರಡನೆಯ ಸಲ, ನಾಯಿಯು ನಿಮಗೆ ಒಪ್ಪಿಗೆಯಾದ ಮೇಲೆ ಕರೆದೊಯ್ಯಿರಿ. ಅದಕ್ಕೂ ಮುಂಚೆ, ಹಿಂದೆ ಬಿಟ್ಟುಬಂದ ನಾಯಿಗೆ ಬೇರೆ ಮನೆ ದೊರೆಯಿತೇ ಎಂದು ಆಶ್ರಯಸ್ಥಾನದವರನ್ನು ವಿಚಾರಿಸಿ, ಇದ್ದ ಸಂಗತಿಯನ್ನು ಇದ್ದಂತೆಯೇ ಅವಳಿಗೆ ಹೇಳಿರಿ. ಅವಳು ಬಾಯಿಬಿಟ್ಟು ಕೇಳದಿರುವ ಪ್ರಶ್ನೆ ಅದೇ ಇರಬೇಕೆಂದು ನಮಗೆ ತೋರುತ್ತದೆ.