ವಾಷಿಂಗ್ಟನ್ ಕೈಯಲ್ಲಿರುವ ಬೀಗದ ಕೈ

ದಾಂಡೇಲಿ ಮಗ್ಗುಲಿನ ನಮ್ಮ ಮೌಳಂಗಿಯನ್ನು ಹಾದುಹೋಗುವ ಕಾಳಿ ನದಿ ಕಾರವಾರದ ಬಳಿ ಕಡಲು ಸೇರುತ್ತದೆ. ಅಲ್ಲಿಂದ ತುಸು ದಕ್ಷಿಣಕ್ಕೆ ನೌಕಾಪಡೆಯ ಕದಂಬ ನೆಲೆಯಿದೆ. ವಿಮಾನವಾಹಕ ನೌಕೆ ವಿಕ್ರಮಾದಿತ್ಯ 2014ರಲ್ಲಿ ರಷ್ಯದಿಂದ ಅಲ್ಲಿಗೆ ಬಂದಾಗ ವಾಯುದಾಳಿಯನ್ನು ತಡೆಯಬಲ್ಲ ಸ್ವಂತ ಕ್ಷಿಪಣಿ ಅದರಲ್ಲಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಇಸ್ರೇಲಿನ ಬರಾಕ್. ಅಮೆರಿಕ ಮತ್ತು ಯಹೂದಿ ರಾಷ್ಟ್ರದ ಮೈತ್ರಿಯಿಂದ ಯಾರಿಗೆ ಏನು ಲಾಭ ಎಂಬ ಪ್ರಶ್ನೆ ಉತ್ತರ ಕನ್ನಡಕ್ಕೂ ಸಂಬಂಧಿಸಿದ್ದು ಎನ್ನಲು ಇಷ್ಟು ಸಾಕು.

ಅಮೆರಿಕದ ಲೆಕ್ಕ ಸ್ಪಷ್ಟವಾಗಿದೆ. 2016ರ ಒಪ್ಪಂದದಂತೆ ಅದು ಹತ್ತು ವರ್ಷಗಳಲ್ಲಿ ಇಸ್ರೇಲಿಗೆ 38 ಶತಕೋಟಿ ಡಾಲರ್ ಸೇನಾ ನೆರವು ನೀಡಲು ಒಪ್ಪಿತು. ಆ ಹಣದ ಬಹುಪಾಲು ಅಮೆರಿಕದ ಕಾರ್ಖಾನೆಗಳಿಗೇ ಮರಳುತ್ತದೆ. ಜೊತೆಗೆ ಗುಪ್ತ ಮಾಹಿತಿ, ಯುದ್ಧದಲ್ಲಿ ಪರೀಕ್ಷೆಗೊಳಗಾದ ಶಸ್ತ್ರಗಳ ಅನುಭವ ದೊರೆಯುತ್ತದೆ. 1973ರಲ್ಲಿ ಇದೇ ನೆರವಿಗಾಗಿ ಅರಬ್ ದೇಶಗಳು ಹೇರಿದ ತೈಲ ನಿರ್ಬಂಧದ ಬಿಸಿಯನ್ನೂ ಅಮೆರಿಕ ಉಂಡಿದೆ.

ನಮ್ಮ ಲೆಕ್ಕ ಇಷ್ಟು ಸರಳವಲ್ಲ. 1998ರ ಅಣುಪರೀಕ್ಷೆಯ ಬಳಿಕ ಅಮೆರಿಕ ನಿರ್ಬಂಧ ಹೇರಿತು. ಮುಂದೆ ತೇಜಸ್ ಎಂದು ಹೆಸರಾದ ಯುದ್ಧವಿಮಾನದ ನಿಯಂತ್ರಣ ವ್ಯವಸ್ಥೆಗಾಗಿ ಅಲ್ಲಿ ದುಡಿಯುತ್ತಿದ್ದ ನಮ್ಮ ತಜ್ಞರು ಬೆಂಗಳೂರಿಗೆ ಮರಳಬೇಕಾಯಿತು. ಮರುವರ್ಷ ಕಾರ್ಗಿಲ್ ಯುದ್ಧದ ನಡುವೆ ಇಸ್ರೇಲ್ ನಮಗೆ ನೆರವಾಯಿತು. ಆ ಉಪಕಾರವನ್ನು ಮರೆಯುವುದು ಕೃತಘ್ನತೆ. ಆದರೆ ಅದರಿಂದ ಇಸ್ರೇಲ್ ತನ್ನಿಚ್ಛೆಯಂತೆ ಮಾರಬಲ್ಲ ದೇಶವೆಂದು ಭಾವಿಸಲಾಗದು. ಫಾಲ್ಕನ್ ರಾಡಾರ್ ವಿಮಾನವನ್ನು ಚೀನಾಕ್ಕೆ ಮಾರುವ ಒಪ್ಪಂದವನ್ನು ಅದು 2000ದಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು ರದ್ದುಗೊಳಿಸಿತು. ಅದೇ ವ್ಯವಸ್ಥೆ 2004ರ ಒಪ್ಪಂದದ ಮೂಲಕ ನಮಗೆ ದಕ್ಕಿದ್ದು ವಾಷಿಂಗ್ಟನ್ ಸಮ್ಮತಿಸಿದ ಮೇಲೆ. ಅಂಗಡಿ ಟೆಲ್ ಅವೀವಿನಲ್ಲಿದ್ದರೂ ಬೀಗದ ಕೈ ಬೇರೆಡೆ ಇದೆ. ಅಂಗಡಿಯವನಿಗೂ ಇದರಿಂದ ವಿನಾಯಿತಿಯಿಲ್ಲ: 2024ರ ಮೇ ತಿಂಗಳಲ್ಲಿ, ಗಾಜಾ ಯುದ್ಧದ ನಡುವೆ, ಭಾರಿ ಬಾಂಬುಗಳ ಒಂದು ರವಾನೆಯನ್ನು ಅಮೆರಿಕ ಇಸ್ರೇಲಿಗೇ ತಡೆಹಿಡಿದಿತ್ತು.

ನಷ್ಟದ ಪುಟ ನೋಡಲು ಮಂಗಳೂರಿಗೆ ಹೋಗಬೇಕು. ಅಲ್ಲಿನ ಎಂಆರ್‌ಪಿಎಲ್ ಇರಾನಿನ ಕಚ್ಚಾತೈಲದ ದೊಡ್ಡ ಗ್ರಾಹಕರಲ್ಲಿ ಒಂದಾಗಿತ್ತು. ಇರಾನ್ ಜೊತೆಗಿನ ಅಣು ಒಪ್ಪಂದವನ್ನು ಇಸ್ರೇಲಿನ ಪ್ರಧಾನಿ ನೆತನ್ಯಾಹು ಬಹಿರಂಗವಾಗಿಯೇ ವಿರೋಧಿಸಿದರು. 2018ರಲ್ಲಿ ಅಮೆರಿಕ ಅದರಿಂದ ಹೊರಬಂತು. 2019ರ ಮೇ ತಿಂಗಳಲ್ಲಿ ನಮಗಿದ್ದ ವಿನಾಯಿತಿಯೂ ಮುಗಿಯಿತು. ಗಾಜಾ ಯುದ್ಧದ ಬೆನ್ನಿಗೇ ಹೂಥಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಿಳಿದಾಗ ಯೂರೋಪಿಗೆ ಹೊರಟ ನಮ್ಮ ಕಾಫಿ ಆಫ್ರಿಕವನ್ನು ಸುತ್ತಬೇಕಾಯಿತು. ಕೊಡಗಿನ ಬೆಳೆಗಾರನನ್ನು ಈ ಮೈತ್ರಿಯ ಬಗ್ಗೆ ಯಾರೂ ಕೇಳಿರಲಿಲ್ಲ.

1918ರಲ್ಲಿ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಸವಾರರನ್ನು ನೆನೆದು ಭಾಷಣ ಮಾಡುವವರು ಹೆಚ್ಚಾಗಿದ್ದಾರೆ. ನೆನೆಯಲಿ, ಅವರು ಬ್ರಿಟಿಷರ ಪರವಾಗಿ ಕಾದಿದ್ದರೆಂಬುದೂ ನೆನಪಿರಲಿ. ಭಾವುಕತೆಯಿಂದ ಶಸ್ತ್ರ ಖರೀದಿಯಾಗದು. ಇಸ್ರೇಲಿನೊಡನೆ ವ್ಯವಹಾರ ಬೇಡವೆನ್ನುವುದು ನನ್ನ ವಾದವಲ್ಲ. ಡಿಆರ್‌ಡಿಒ ಜೊತೆಗೂಡಿ ರೂಪಿಸಿದ ಬರಾಕ್-8ರಂತೆ ವಿನ್ಯಾಸದಲ್ಲಿ ನಮ್ಮ ಪಾಲಿರುವ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ಗೆ ಕೆಲಸ ಒದಗಿಸುವ ಒಪ್ಪಂದಗಳಾಗಲಿ. ಸಿದ್ಧವಸ್ತುವನ್ನು ಕೊಳ್ಳುವುದೇ ಆದರೆ, ಅದರ ಯಾವ ಬಿಡಿಭಾಗಕ್ಕೆ ಅಮೆರಿಕದ ಅನುಮತಿ ಬೇಕು, ಯುದ್ಧಕಾಲದಲ್ಲಿ ಅದು ನಿಂತರೆ ಪರ್ಯಾಯವೇನು ಎಂಬುದನ್ನು ರಕ್ಷಣಾ ಸಚಿವಾಲಯ ಸಹಿ ಹಾಕುವ ಮುನ್ನವೇ ಸಂಸದೀಯ ಸ್ಥಾಯಿ ಸಮಿತಿಯ ಮುಂದಿಡಬೇಕು.