ಮೇಲೆ ಹೂಳು, ಕೆಳಗೆ ಜೇಡಿ: ಹೊಸಕೆರೆಹಳ್ಳಿಯ ಮಣ್ಣು ಕಲಿಸುವ ಪಾಠ

2020ರ ಅಕ್ಟೋಬರ್ 23ರಂದು ದಕ್ಷಿಣ ಬೆಂಗಳೂರಿನಲ್ಲಿ ಸುರಿದ ಭಾರಿ ಮಳೆಗೆ ಹೊಸಕೆರೆಹಳ್ಳಿ, ದತ್ತಾತ್ರೇಯನಗರ ಮೊದಲಾದ ತಗ್ಗು ಪ್ರದೇಶಗಳ ಮನೆಗಳಿಗೆ ರಾಜಕಾಲುವೆಯ ನೀರು ನುಗ್ಗಿತು. ರಸ್ತೆಯಲ್ಲಿ ನಿಂತಿದ್ದ ವಾಹನಗಳು ಕೊಚ್ಚಿಹೋದವು. ಮನೆಯ ಸಾಮಾನುಗಳು ಕೆಸರಿನ ಪಾಲಾದವು. ಅನಂತರ ನಡೆದ ಚರ್ಚೆಯಲ್ಲಿ ಮಳೆಯ ಪ್ರಮಾಣ, ಕಾಲುವೆಯ ಒತ್ತುವರಿ, ಕುಸಿದ ತಡೆಗೋಡೆ, ಪರಿಹಾರದ ಮೊತ್ತ ಇವೆಲ್ಲ ಪ್ರಸ್ತಾಪಗೊಂಡವು. ಆದರೆ ಆ ತಗ್ಗಿನ ನೆಲದಲ್ಲಿರುವ ಮಣ್ಣು ಎಂತಹದು, ಅದು ಎಷ್ಟು ನೀರನ್ನು ಕುಡಿಯಬಲ್ಲುದು, ಎಷ್ಟು ನಿಧಾನವಾಗಿ ಬಿಡಬಲ್ಲುದು ಎಂಬ ಪ್ರಶ್ನೆ ಹಿಂದೆಯೇ ಉಳಿಯಿತು.

ಬೆಟ್ಟಗುಡ್ಡಗಳ ನಡುವೆ ಬಾಳುವ ಓದುಗರಿಗೆ ಇದು ದೂರದ ನಗರದ ಸುದ್ದಿಯೆನಿಸಬಹುದು. ವಾಸ್ತವವಾಗಿ ಹೊಸಕೆರೆಹಳ್ಳಿಯಂತಹ ಕೆರೆಯಂಗಳದಲ್ಲಿ ಯಾವ ಕ್ರಮದಲ್ಲಿ ಮಣ್ಣು ಕೂತಿದೆಯೋ ಅದೇ ಕ್ರಮದ ಮಣ್ಣು ಮಲೆನಾಡಿನ ಪ್ರತಿಯೊಂದು ಕಣಿವೆಯ ಬೈಲುಗದ್ದೆಯಲ್ಲಿಯೂ ಇದೆ. ನಗರದಲ್ಲಿ ಅದರ ಮೇಲೆ ಮನೆಗಳೆದ್ದವು. ಮಲೆನಾಡಿನಲ್ಲಿ ಅದರ ಮೇಲೆ ಅಡಿಕೆ ತೋಟಗಳೂ ನಿವೇಶನಗಳೂ ಏಳುತ್ತಿವೆ. ಆದಕಾರಣ ಈ ಮಣ್ಣಿನ ಗುಣಧರ್ಮವನ್ನು ಅರಿಯುವುದು ಎರಡೂ ಕಡೆಯವರಿಗೆ ಅಗತ್ಯವಾಗಿದೆ.

ಹೊಸಕೆರೆಹಳ್ಳಿ ಎಂಬ ಹೆಸರಿನಲ್ಲಿಯೇ ಕೆರೆಯಿದೆ. ಸುಮಾರು 59 ಎಕರೆ ವಿಸ್ತಾರದ ಈ ಕೆರೆ ವೃಷಭಾವತಿ ಕಣಿವೆಗೆ ಸೇರಿದ್ದು. ಇಲ್ಲಿನ ನೀರು ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ ಅಲ್ಲಿಂದ ಕಾವೇರಿಯನ್ನೂ ಸೇರುತ್ತದೆ. ಸುತ್ತಲಿನ ಎತ್ತರದ ನೆಲದಡಿ ಇರುವುದು ಲಾಲ್‌ಬಾಗಿನ ಬಂಡೆಯಲ್ಲಿ ಕಣ್ಣಿಗೆ ಕಾಣುವ ಅದೇ ಪುರಾತನ ನೈಸ್ ಶಿಲೆ. ಆ ಶಿಲೆ ಲಕ್ಷಾಂತರ ವರ್ಷ ಸವೆದು ಕೆಮ್ಮಣ್ಣಾಯಿತು. ಮಳೆ ಬಂದಾಗಲೆಲ್ಲ ಕೆಮ್ಮಣ್ಣಿನ ಕಣಗಳು ಇಳಿಜಾರಿನಲ್ಲಿ ಹರಿದು ಕಣಿವೆಗೆ ಬಂದವು. ಹಿಂದಿನವರು ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿದೊಡನೆ ಹರಿವ ನೀರು ನಿಂತಿತು, ಅದು ಹೊತ್ತು ತಂದ ಕಣಗಳು ತಳ ಸೇರಿದವು.

ಕಣಗಳು ತಳ ಸೇರುವುದಕ್ಕೆ ಒಂದು ನಿಯಮವಿದೆ. ದಪ್ಪನೆಯ ಮರಳು ನೀರು ಕೆರೆಯನ್ನು ಹೊಗುವ ಬಾಯಿಯಲ್ಲಿಯೇ ಉಳಿಯುತ್ತದೆ. ಮರಳಿಗಿಂತ ನುಣುಪಾದ, ಜೇಡಿಗಿಂತ ಒರಟಾದ ಕಣಕ್ಕೆ ರೇವೆ ಎಂದು ಹೆಸರು. ಅದರ ಗಾತ್ರ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಿಂದ ಐನೂರನೆಯ ಒಂದು ಭಾಗದವರೆಗೆ. ಅದು ಕೆರೆಯಂಗಳದ ತುಂಬ ಹರಡಿಕೊಳ್ಳುತ್ತದೆ. ಅದಕ್ಕಿಂತಲೂ ಸೂಕ್ಷ್ಮವಾದ ಜೇಡಿಯ ಕಣ ದಿನಗಟ್ಟಲೆ ನೀರಿನಲ್ಲಿ ತೇಲಿ, ನೀರು ನಿಶ್ಚಲವಾದಾಗ ಏರಿಯ ಸಮೀಪದ ಆಳದಲ್ಲಿ ಕೂರುತ್ತದೆ. ಏರಿ ಕಟ್ಟುವುದಕ್ಕೆ ಮೊದಲೇ ಕಣಿವೆಯ ತಳದಲ್ಲಿ ಬಿಗಿಯಾದ ಜೇಡಿಯ ಪದರ ಇದ್ದೇ ಇರುತ್ತಿತ್ತು. ಹಿಂದಿನವರು ಅಲ್ಲಿ ಕೆರೆ ಕಟ್ಟಿದ್ದೂ ನೀರು ಇಂಗಿಹೋಗದೆ ನಿಲ್ಲುವುದೆಂಬ ಅರಿವಿನಿಂದಲೇ. ಹೀಗೆ ಕೆಳಗೆ ಜೇಡಿ, ಮೇಲೆ ಹೂಳು ಎಂಬ ಜೋಡಣೆ ಸಿದ್ಧವಾಯಿತು.

ಭೂಮಿಯ ಬೇರೆ ಭಾಗಗಳಲ್ಲಿ ಇಂತಹದೇ ಮಣ್ಣನ್ನು ಸೃಷ್ಟಿಸಿದ್ದು ಹಿಮನದಿ. ಅಮೆರಿಕದ ಓಹಿಯೊ, ಇಂಡಿಯಾನ ರಾಜ್ಯಗಳ ಮೇಲೆ ಹಿಮಯುಗದಲ್ಲಿ ಹಬ್ಬಿದ್ದ ಮಂಜುಗಡ್ಡೆಯು ಬಂಡೆಯನ್ನು ಅರೆದು ಜೇಡಿಯಾಗಿಸಿ ಹರಡಿತು. ಮಂಜು ಹಿಂದೆಗೆದ ಮೇಲೆ ಗಾಳಿ ಹೊತ್ತು ತಂದ ರೇವೆ ಅನೇಕ ಕಡೆ ಅದರ ಮೇಲೆ ಬಿದ್ದಿತು. ಕರ್ನಾಟಕದ ಈಗಿನ ಮಣ್ಣಿನಲ್ಲಿ ಹಿಮನದಿಯ ಪಾತ್ರವಿಲ್ಲ. ಇಲ್ಲಿ ಆ ಕೆಲಸವನ್ನು ಮಾಡಿದವು ಮಳೆ, ಇಳಿಜಾರು ಮತ್ತು ಕೆರೆಯ ಏರಿ. ಆದರೆ ನೀರಿನ ವಿಷಯದಲ್ಲಿ ಎರಡೂ ಮಣ್ಣುಗಳ ವರ್ತನೆ ಒಂದೇ ಬಗೆಯದು. ಮಣ್ಣು ವಿಜ್ಞಾನಿಗಳು ನೀರು ಬಸಿಯುವ ಗುಣವನ್ನು ಅನುಸರಿಸಿ ಏಳು ದರ್ಜೆಗಳನ್ನು ಮಾಡಿದ್ದಾರೆ. ಇಂತಹ ಮಣ್ಣು ಹೆಚ್ಚಾಗಿ ಕೆಳಗಿನ ಮೂರು ದರ್ಜೆಗಳಲ್ಲಿ ಬರುತ್ತದೆ. ಕರಾವಳಿಯ ಬೇಸಾಯಗಾರರು ಇದೇ ವಿಂಗಡಣೆಯನ್ನು ಬೆಟ್ಟು, ಮಜಲು, ಬೈಲು ಎಂಬ ಮೂರು ಮಾತಿನಲ್ಲಿ ಎಂದೋ ಮಾಡಿ ಮುಗಿಸಿದ್ದರು. ಯಾವ ಗದ್ದೆಗೆ ಎಷ್ಟು ಬೆಳೆ ಎಂಬ ತೀರ್ಮಾನ ಆ ಹೆಸರಿನಲ್ಲಿಯೇ ಅಡಗಿತ್ತು.

ಈ ಮಣ್ಣಿನ ಮೊದಲ ಗುಣ ನೀರನ್ನು ನಿಧಾನವಾಗಿ ಬಿಡುವುದು. ಮೇಲಿನ ಹೂಳು ಮಳೆಯನ್ನು ಹೀರಿಕೊಳ್ಳುತ್ತದೆ. ನೀರು ಜೇಡಿಯ ಪದರವನ್ನು ಮುಟ್ಟಿದಾಗ ಅಲ್ಲಿಂದ ಮುಂದೆ ಗಂಟೆಗೆ ಕೆಲವೇ ಮಿಲಿಮೀಟರ್ ಇಳಿಯುತ್ತದೆ, ಎಷ್ಟೋ ಕಡೆ ಅದಕ್ಕಿಂತಲೂ ಕಡಿಮೆ. ಹೀಗಾಗಿ ಕೊಳವೆಬಾವಿಯ ನೀರು ನೂರಾರು ಅಡಿ ಆಳದಲ್ಲಿದ್ದರೂ ಹೂಳಿನಲ್ಲಿ ಒಂದೆರಡು ಅಡಿಗೇ ನೀರು ತಂಗಿರುತ್ತದೆ. ಎರಡನೆಯ ಗುಣ ನೀರನ್ನು ಮೇಲಕ್ಕೆಳೆಯುವುದು. ಮರಳಿನಲ್ಲಿ ಕೆಲವೇ ಅಂಗುಲ ಏರುವ ನೀರು ರೇವೆಯಲ್ಲಿ ಮೂರು ನಾಲ್ಕು ಅಡಿಯವರೆಗೂ ಏರಬಲ್ಲುದು. ತಗ್ಗಿನ ಮನೆಗಳ ಗೋಡೆ ಬೇಸಿಗೆಯಲ್ಲಿಯೂ ತೇವಗೊಂಡು ಸುಣ್ಣ ಉದುರಿಸುವುದಕ್ಕೆ ಇದು ಒಂದು ಕಾರಣ. ಮೂರನೆಯದು ಬಲದ ವಿಷಯ. ಒಣಗಿದಾಗ ಕಲ್ಲಿನಂತಿರುವ ಹೂಳು ನೆನೆದಾಗ ಹೊರೆ ತಾಳದೆ ಜಾರುತ್ತದೆ. ಒಮ್ಮೆ ಯಂತ್ರದಡಿ ತುಳಿಯಲ್ಪಟ್ಟರೆ ಅದರ ರಂಧ್ರಗಳು ಮುಚ್ಚಿ ಹೀರುವ ಶಕ್ತಿಯೇ ಕುಂದುತ್ತದೆ.

ಅಕ್ಟೋಬರ್ ಮಳೆ ಏಕೆ ಹೆಚ್ಚು ಅಪಾಯಕಾರಿ ಎಂಬುದನ್ನು ಒಂದು ಸರಳ ಲೆಕ್ಕ ವಿವರಿಸುತ್ತದೆ. ಜೇಡಿಯ ಮೇಲೆ ಎರಡಡಿ, ಎಂದರೆ ಸುಮಾರು 600 ಮಿಲಿಮೀಟರ್ ಹೂಳಿದೆಯೆಂದು ಭಾವಿಸೋಣ. ಅದರ ಗಾತ್ರದಲ್ಲಿ ಹತ್ತನೆಯ ಒಂದು ಭಾಗ ಗಾಳಿ ತುಂಬಿದ ಖಾಲಿ ಜಾಗವಿದ್ದರೆ ಅದು 60 ಮಿಲಿಮೀಟರ್ ಮಳೆಯನ್ನು ಒಳಗೆ ಸೇರಿಸಿಕೊಳ್ಳಬಲ್ಲುದು. ಆಗಸ್ಟ್, ಸೆಪ್ಟೆಂಬರ್ ತಿಂಗಳ ಮಳೆಗೆ ಆ ಜಾಗ ಮೊದಲೇ ತುಂಬಿರುತ್ತದೆ. ಆ ಮೇಲೆ ಬಿದ್ದ ಪ್ರತಿ ಹನಿಯೂ ನೆಲದ ಮೇಲೆಯೇ ಹರಿಯಬೇಕು. ಎತ್ತರದ ಬಡಾವಣೆಗಳ ಕಾಂಕ್ರೀಟು, ಡಾಂಬರುಗಳಿಂದ ಇಳಿದ ನೀರೂ ಅದರೊಡನೆ ಕೂಡುತ್ತದೆ. ಮೇ ತಿಂಗಳಲ್ಲಿ ಒಣಗಿ ಬಿರುಕು ಬಿಟ್ಟ ಕೆರೆಯಂಗಳವನ್ನು ನೋಡಿ ಇಲ್ಲಿ ನೀರೇ ನಿಲ್ಲುವುದಿಲ್ಲ ಎಂದು ತೀರ್ಮಾನಿಸುವವರು ಈ ಲೆಕ್ಕವನ್ನು ಮರೆತಿರುತ್ತಾರೆ.

ಕೆರೆಯ ಲೆಕ್ಕ ಇನ್ನೂ ಸ್ಪಷ್ಟ. 59 ಎಕರೆಯ ಮೇಲೆ ಒಂದು ಮೀಟರ್ ನೀರು ನಿಂತರೆ ಅದು ಸುಮಾರು 24 ಕೋಟಿ ಲೀಟರ್. ಅಷ್ಟು ನೀರಿಗೆ ಕೆರೆಯಲ್ಲಿ ಎಡೆಯಿಲ್ಲದಿದ್ದರೆ ಅದು ಕಾಲುವೆಗೂ ಮನೆಗೂ ಹೋಗುತ್ತದೆ. ಹತ್ತು ಘನಮೀಟರ್ ಹಿಡಿಯುವ ಒಂದು ಲಾರಿಯ ಕಟ್ಟಡ ತ್ಯಾಜ್ಯವನ್ನು ಕೆರೆಯಂಗಳಕ್ಕೆ ಸುರಿದರೆ ಹತ್ತು ಸಾವಿರ ಲೀಟರ್ ನೀರಿನ ಎಡೆ ಹೋಯಿತು. 2023ರ ಆರಂಭದಲ್ಲಿ ಹೊಸಕೆರೆಹಳ್ಳಿ ಕೆರೆಯ ನಡುವೆಯೇ ಮಣ್ಣು ಸುರಿದು ರಸ್ತೆ ಮಾಡಿದ್ದನ್ನು ಸುತ್ತಲಿನ ನಿವಾಸಿಗಳು ವಿರೋಧಿಸಿದರು. ಅವರ ವಿರೋಧದ ಹಿಂದೆ ಇದ್ದದ್ದು ಕೇವಲ ಸೌಂದರ್ಯದ ಕಾಳಜಿಯಲ್ಲ. ಮೆತ್ತನೆಯ ಹೂಳಿನ ಮೇಲೆ ಹೇರಿದ ಮಣ್ಣು ಕೆಳಗಿನ ಪದರವನ್ನು ಅದುಮುತ್ತದೆ, ನೀರಿನ ಸಂಚಾರವನ್ನು ಎರಡಾಗಿ ಸೀಳುತ್ತದೆ. ಮಣ್ಣಿನ ದೃಷ್ಟಿಯಿಂದ ನೋಡಿದರೂ ಅದು ಸಲ್ಲದ ಕೆಲಸ.

ಬೆಂಗಳೂರಿಗೆ ಈ ಪಾಠ ಹೊಸತೂ ಅಲ್ಲ. ಧರ್ಮಾಂಬುಧಿ ಕೆರೆಯ ಅಂಗಳ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಅಂಗಳ ಕಂಠೀರವ ಕ್ರೀಡಾಂಗಣವಾಯಿತು. ಉಳಿದ ಕೆರೆಗಳನ್ನು ಕಾಪಾಡಬೇಕೆಂದು ಲಕ್ಷ್ಮಣರಾವ್ ಸಮಿತಿ 1986ರಲ್ಲಿಯೇ ಸಲಹೆ ನೀಡಿತ್ತು. ಕೆರೆಗೆ ನೀರು ಬರುವುದು ನಿಂತಿದೆ, ಆದ್ದರಿಂದ ಅದು ಸತ್ತ ಕೆರೆ ಎಂಬ ವಾದ ಅಂದಿನಿಂದಲೂ ಕೇಳಿಬರುತ್ತಿದೆ. ಕೆರೆ ಬತ್ತಿದರೂ ಅದರ ತಳದ ಜೇಡಿ ಬತ್ತುವುದಿಲ್ಲ. ದಾಖಲೆಯಲ್ಲಿ ಭೂಪರಿವರ್ತನೆ ಮಾಡಬಹುದು. ಮಣ್ಣಿನ ಗುಣವನ್ನು ಪರಿವರ್ತಿಸುವ ಆದೇಶವನ್ನು ಯಾವ ಕಚೇರಿಯೂ ಹೊರಡಿಸಲಾರದು.

ಇನ್ನು ಮಲೆನಾಡಿನ ಕಡೆಗೆ. ಇಲ್ಲಿನ ಬೈಲುಗದ್ದೆಯೂ ಗುಡ್ಡದಿಂದ ಬಂದ ಮೆಕ್ಕಲು ಜೇಡಿಯ ಮೇಲೆ ಕೂತು ಆದದ್ದು. ಕೆಸರು ಹೂಡುವಾಗ ಬೇಸಾಯಗಾರರು ಆ ಬಿಗಿಯನ್ನು ಉದ್ದೇಶಪೂರ್ವಕವಾಗಿ ಇನ್ನಷ್ಟು ಬಿಗಿಗೊಳಿಸುತ್ತಿದ್ದರು, ಏಕೆಂದರೆ ಭತ್ತಕ್ಕೆ ನಿಂತ ನೀರು ಬೇಕು. ಭತ್ತದ ಬೇರಿನೊಳಗೆ ಗಾಳಿಯನ್ನು ಎಲೆಯಿಂದ ಕೆಳಕ್ಕೆ ಸಾಗಿಸುವ ಕೊಳವೆಯಂತಹ ಅಂಗಾಂಶವಿದೆ. ಅಡಿಕೆಯ ಬೇರಿಗೆ ನಿಂತ ನೀರಿನಲ್ಲಿ ಬಾಳುವ ಅಂತಹ ಸಾಮರ್ಥ್ಯವಿಲ್ಲ. ನೀರು ತುಂಬಿದ ಮಣ್ಣಿನಲ್ಲಿ ಆಮ್ಲಜನಕ ತೀರಿದೊಡನೆ ಬೇರು ಕೊಳೆಯಲಾರಂಭಿಸುತ್ತದೆ, ಹಾಕಿದ ಸಾರಜನಕ ಗೊಬ್ಬರದ ಒಂದು ಪಾಲು ಅನಿಲವಾಗಿ ಹಾರಿಹೋಗುತ್ತದೆ, ಅಣಬೆ ರೋಗಕ್ಕೂ ಅನುಕೂಲವಾಗುತ್ತದೆ. ಆದ್ದರಿಂದಲೇ ಬೈಲಿನಲ್ಲಿ ಅಡಿಕೆ ನೆಡುವವರು ಸಸಿಯ ಗುಂಡಿಯ ತಳಕ್ಕಿಂತಲೂ ಆಳವಾದ ಬಸಿಗಾಲುವೆ ತೋಡಲೇಬೇಕು.

ಆದರೆ ಬಸಿಗಾಲುವೆಯಿಂದ ಹೊರಟ ನೀರು ಎಲ್ಲಿಗೆ ಹೋಗುತ್ತದೆ? ಒಬ್ಬರ ತೋಟ ಒಣಗಿದರೆ ಕೆಳಗಿನವರ ಗದ್ದೆ ಮುಳುಗುತ್ತದೆ. ಮೊದಲು ಬೈಲಿನಲ್ಲಿ ವಾರಗಟ್ಟಲೆ ನಿಂತು ನಿಧಾನವಾಗಿ ಹಳ್ಳಕ್ಕೆ ಸೇರುತ್ತಿದ್ದ ನೀರು ಒಂದೇ ದಿನದಲ್ಲಿ ಹೊಳೆಗೆ ಓಡುತ್ತದೆ. ಮಳೆಗಾಲದಲ್ಲಿ ನೆರೆ ಹೆಚ್ಚುತ್ತದೆ, ಬೇಸಿಗೆಯಲ್ಲಿ ಹಳ್ಳ ಬೇಗ ಬತ್ತುತ್ತದೆ. ಓಹಿಯೊದ ಅನುಭವ ಇಲ್ಲಿ ಎಚ್ಚರಿಕೆಯಾಗಬೇಕು. ಆ ರಾಜ್ಯದ ವಾಯವ್ಯ ಮೂಲೆಯ ಬೃಹತ್ ಜೌಗುಭೂಮಿಯನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೆಲದಡಿ ಸುಟ್ಟ ಮಣ್ಣಿನ ಕೊಳವೆಗಳನ್ನು ಹೂತು ಬಸಿದು ಹಾಕಲಾಯಿತು. ಸಮೃದ್ಧ ಬೆಳೆ ಬಂದದ್ದೂ ಸತ್ಯ. ಆದರೆ ಹೊಲಗಳ ರಂಜಕ ನದಿಯ ಮೂಲಕ ಈರಿ ಸರೋವರಕ್ಕೆ ಹರಿದು ವಿಷಕಾರಿ ಪಾಚಿ ಬೆಳೆಯಿತು. 2014ರ ಆಗಸ್ಟ್ ತಿಂಗಳಲ್ಲಿ ಟೊಲೆಡೊ ನಗರದ ನಾಲ್ಕು ಲಕ್ಷಕ್ಕೂ ಅಧಿಕ ಜನರಿಗೆ ನಲ್ಲಿಯ ನೀರು ಕುಡಿಯಬಾರದೆಂದು ಸಾರಬೇಕಾಯಿತು. ನೀರನ್ನು ಹಿಡಿದಿಟ್ಟು ಸೋಸುತ್ತಿದ್ದ ಜೌಗು ಇಲ್ಲವಾದುದರ ಬೆಲೆಯನ್ನು ಕೆಳಗಿನ ಊರು ತೆತ್ತಿತು.

ಹಾಗಾದರೆ ಬೈಲಿನಲ್ಲಿ ಏನನ್ನೂ ಬದಲಿಸಬಾರದೆ? ಹಾಗಲ್ಲ. ಭತ್ತದಲ್ಲಿ ಆಳಿನ ಕೂಲಿಯೂ ಹುಟ್ಟದಿರುವಾಗ ಕೃಷಿಕರು ಅಡಿಕೆಯತ್ತ ಹೊರಳುವುದು ಸಹಜ, ಅದನ್ನು ಅಪರಾಧವೆನ್ನಲಾಗದು. ಬೈಲಿನ ಅತ್ಯಂತ ತಗ್ಗಿನ ಪಟ್ಟಿಯನ್ನಾದರೂ ಗದ್ದೆಯಾಗಿಯೇ ಉಳಿಸಿ, ಬೇಸಿಗೆಯಲ್ಲಿ ಮೇವಿಗೋ ತರಕಾರಿಗೋ ಬಳಸಬಹುದು. ಮೇಲಂಚಿನ ನೆಲದಲ್ಲಿ ಮಾತ್ರ ತೋಟ ಮಾಡಬಹುದು. ಬಸಿಗಾಲುವೆಯನ್ನು ಒಬ್ಬೊಬ್ಬರೇ ತೋಡದೆ ಇಡೀ ಬೈಲಿನವರು ಕೂಡಿ ಯೋಜಿಸಿ, ಕೊನೆಯಲ್ಲಿ ಒಂದು ಕೆರೆಗೆ ಇಲ್ಲವೇ ಮಡುವಿಗೆ ಬಿಡಬಹುದು. ಕೆರೆಯ ಹೂಳನ್ನು ಬೇಸಿಗೆಯಲ್ಲಿ ಎತ್ತಿ ಗುಡ್ಡದ ಕೆಮ್ಮಣ್ಣಿಗೆ ಹೊಡೆಯುವ ಹಳೆಯ ಪದ್ಧತಿಯನ್ನು ಪುನಃ ಆರಂಭಿಸಬಹುದು. ನೀರು ಹಿಡಿಯದ ಮರಳುಗೂಡಿದ ನೆಲಕ್ಕೆ ಅದಕ್ಕಿಂತ ಒಳ್ಳೆಯ ಉಪಚಾರವಿಲ್ಲ. ಹೂಳೆತ್ತುವ ಯಂತ್ರ ತಳದ ಜೇಡಿಯನ್ನು ಕೆದಕದಂತೆ ಮಾತ್ರ ನೋಡಿಕೊಳ್ಳಬೇಕು, ಏಕೆಂದರೆ ಕೆರೆ ನೀರು ಹಿಡಿಯುವುದು ಆ ಜೇಡಿಯ ಬಲದಿಂದಲೇ.

ಇದಕ್ಕೆಲ್ಲ ಮೊದಲು ಮಣ್ಣನ್ನು ಓದಲು ಕಲಿಯಬೇಕು. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ಹಾರೆ, ಗುದ್ದಲಿ ಮತ್ತು ಒಂದು ಗಾಜಿನ ಸೀಸೆಯಿಂದ ಮಾಡಬಹುದು. ಮೂರಡಿ ಆಳದ ಗುಂಡಿ ತೆಗೆದು ಗೋಡೆಯ ಬಣ್ಣ ನೋಡಬೇಕು. ಮೇಲಿಂದ ಕೆಳಗಿನವರೆಗೆ ಒಂದೇ ಕೆಂಪು ಇದ್ದರೆ ನೀರು ಸಲೀಸಾಗಿ ಬಸಿಯುತ್ತದೆ. ಬೂದು ಬಣ್ಣದ ನಡುವೆ ತುಕ್ಕಿನ ಚುಕ್ಕೆಗಳಿದ್ದರೆ ಅಲ್ಲಿ ವರ್ಷದ ಕೆಲವು ತಿಂಗಳು ನೀರು ನಿಲ್ಲುತ್ತದೆ. ಆಮ್ಲಜನಕವಿಲ್ಲದಾಗ ಮಣ್ಣಿನ ಕಬ್ಬಿಣ ಕರಗಿ ಬೂದು ಬಣ್ಣ ಉಳಿಯುವುದು, ಗಾಳಿ ಸೋಕಿದಲ್ಲಿ ಅದೇ ಕಬ್ಬಿಣ ತುಕ್ಕಾಗುವುದು ಇದಕ್ಕೆ ಕಾರಣ. ಪೂರ್ತಿ ಬೂದು, ನೀಲಿ ಛಾಯೆ ಇದ್ದರೆ ಅದು ನಿತ್ಯ ಜೌಗು. ಬೇಸಿಗೆಯ ನಡುವೆಯೂ ಈ ಗುರುತು ಅಳಿಸುವುದಿಲ್ಲ. ಮಣ್ಣನ್ನು ಸೀಸೆಯಲ್ಲಿ ನೀರಿನೊಡನೆ ಕುಲುಕಿಟ್ಟರೆ ಮರಳು ಒಂದು ನಿಮಿಷದಲ್ಲಿ, ರೇವೆ ಕೆಲವು ಗಂಟೆಗಳಲ್ಲಿ ತಳ ಸೇರುತ್ತದೆ. ಮರುದಿನವೂ ನೀರು ಕದಡಿಯೇ ಇದ್ದರೆ ಜೇಡಿ ಇದೆಯೆಂದು ತಿಳಿಯಬೇಕು.

ಪ್ರತಿ ಊರಿನ ವಿದ್ಯಾರ್ಥಿಗಳು ತಮ್ಮ ಬೈಲಿನ ಹತ್ತು ಕಡೆ ಇಂತಹ ಗುಂಡಿ ತೆಗೆದು, ತುಕ್ಕಿನ ಚುಕ್ಕೆ ಎಷ್ಟು ಆಳದಲ್ಲಿ ಆರಂಭವಾಯಿತು ಎಂಬುದನ್ನು ನಕ್ಷೆಯ ಮೇಲೆ ಬರೆದು ಗ್ರಾಮಸಭೆಯ ಮುಂದಿಡಲಿ. ನಿವೇಶನ ಹಂಚುವಾಗ, ರಸ್ತೆ ಎತ್ತರಿಸುವಾಗ, ಬೈಲಿನ ಭೂಪರಿವರ್ತನೆಗೆ ಅರ್ಜಿ ಬಂದಾಗ ಪಂಚಾಯಿತಿ ಆ ನಕ್ಷೆಯನ್ನು ನೋಡುವಂತಾಗಲಿ. ಹೊಸಕೆರೆಹಳ್ಳಿಯ ತಗ್ಗಿನಲ್ಲಿ ಮನೆ ಕೊಂಡವರಿಗೆ ತಮ್ಮ ಮನೆಯಡಿಯ ಮಣ್ಣನ್ನು ನೋಡುವ ಅವಕಾಶ ಇರಲಿಲ್ಲ. ಅದಾಗಲೇ ಅದರ ಮೇಲೆ ಡಾಂಬರು ಬಿದ್ದಿತ್ತು. ಮಲೆನಾಡಿನ ಬೈಲುಗಳಲ್ಲಿ ಆ ಅವಕಾಶ ಇನ್ನೂ ಉಳಿದಿದೆ.